ಹತ್ತಿಪ್ಪತ್ತು ಹೆಜ್ಜೆಯ ವಿಜ್ಞಾನ

ಕೀನ್ಯಾದ ನನ್ಯುಕಿಯಲ್ಲಿ, ಭೂಮಧ್ಯರೇಖೆಯ ಬೋರ್ಡಿನ ಪಕ್ಕ, ಒಬ್ಬ ತೂತಿನ ಬೋಗುಣಿಗೆ ನೀರು ಸುರೀತಾನೆ. ಹತ್ತಿಪ್ಪತ್ತು ಹೆಜ್ಜೆ ಉತ್ತರಕ್ಕೆ ಹೋದ್ರೆ ಸುಳಿ ಒಂದು ಕಡೆ, ದಕ್ಷಿಣಕ್ಕೆ ಬಂದ್ರೆ ಇನ್ನೊಂದು ಕಡೆ. ನಮ್ಮ ಆಫೀಸ್ ಗ್ರೂಪಿಗೆ ಈ ವಿಡಿಯೋ ಬಂದಾಗ ಸುಳ್ಳು ಅಂತ ಬರೆದೆ. 'ಕಣ್ಣಾರೆ ಕಾಣ್ತಿಲ್ವಾ?' ಅಂದ್ರು ಇಂಜಿನಿಯರುಗಳೇ!

ಸ್ವಾಮೀ, ಭೂಮಿಯ ತಿರುಗಾಟ ಚಂಡಮಾರುತವನ್ನು ಸುತ್ತಿಸುತ್ತೆ, ನಿಜ. ಆದರೆ ನೀರಿನ ತೊಟ್ಟಿಯಲ್ಲಿ ಅದನ್ನು ಕಾಣೋಕೆ 1962ರಲ್ಲಿ ಎಂಐಟಿಯ ಆಶರ್ ಶಪಿರೋ ಆರಡಿ ಅಗಲದ ತೊಟ್ಟಿ ತುಂಬಿಸಿ, 24 ಗಂಟೆ ನೀರು ಅಲುಗದಂತೆ ಕಾಯಬೇಕಾಯಿತು. ಭೂಮಧ್ಯರೇಖೆಯ ಹತ್ತಿರವಂತೂ ಆ ಪ್ರಭಾವ ಹೆಚ್ಚುಕಮ್ಮಿ ಸೊನ್ನೆ. ಸುಳಿ ಹುಟ್ಟೋದು ಸುರಿಯುವವನ ಕೈಚಳಕದಲ್ಲಿ. ಅವನದು ಹೊಟ್ಟೆಪಾಡು, ಇರಲಿ. ನಮ್ಮವರಿಗೇನಾಗಿತ್ತು? ಮನೆ ಸಿಂಕ್ ತುಂಬಿಸಿ ನೋಡೋಕೆ ಎರಡು ನಿಮಿಷ ಸಾಕಿತ್ತು.