ಸಾರಿನ ರುಚಿ ಕದ್ದವರು ಯಾರು?

ಮುಂಬಯಿಯಲ್ಲಿ ನಾಲ್ಕು ಜನ ಕನ್ನಡಿಗರು ಊಟಕ್ಕೆ ಕೂತರೆ ಒಂದು ಮಾತು ಬಂದೇ ಬರುತ್ತದೆ: “ಏನೇ ಮಾಡಿದ್ರೂ ಊರಿನ ಸಾರಿನ ರುಚಿ ಬರೋಲ್ಲ ಕಣ್ರೀ, ಇಲ್ಲಿಯ ಟೊಮೆಟೊನೇ ಸರಿಯಿಲ್ಲ.” ನೀರನ್ನು ಬೈಯುತ್ತಾರೆ, ಹವೆಯನ್ನು ಬೈಯುತ್ತಾರೆ, ಭಾಜಿವಾಲಾನನ್ನು ಬೈಯುತ್ತಾರೆ. ಅಡುಗೆಮನೆಯ ಮೂಲೆಯಲ್ಲಿ ಗುರ್ ಅನ್ನುತ್ತ ನಿಂತ ಫ್ರಿಜ್ಜನ್ನು ಮಾತ್ರ ಯಾರೂ ಬೈಯುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ನಾರಾಯಣಗಾಂವ್, ನಾಸಿಕದ ಕಡೆಯಿಂದ ವಾಶಿ ಮಾರುಕಟ್ಟೆಗೆ ಬರುವ ಟೊಮೆಟೊ ಕೋಲಾರದ್ದಕ್ಕಿಂತ ಕೀಳೇನಲ್ಲ. ದೂರದ ಸಾಗಾಟಕ್ಕೆಂದು ಬೆಳೆದ ಗಟ್ಟಿ ಹೈಬ್ರಿಡ್ ಹಣ್ಣಿಗೆ ನಾಟಿ ಟೊಮೆಟೊದ ಹುಳಿ ಇಲ್ಲ ಅನ್ನೋದು ನಿಜ. ಆದರೆ ಬೆಂಗಳೂರಿನಲ್ಲೂ ಈಗ ಹೆಚ್ಚಾಗಿ ಸಿಗೋದು ಅದೇ. ಇರುವ ಅಷ್ಟಿಷ್ಟು ರುಚಿಯನ್ನು ಕಳೆಯುತ್ತಿರುವವರು ನಾವು.

ಮಾಗಿದ ಟೊಮೆಟೊವನ್ನು 5 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ ಏನಾಗುತ್ತದೆಂದು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಸಕ್ಕರೆ, ಹುಳಿ ಹೆಚ್ಚುಕಡಿಮೆ ಹಾಗೇ ಇದ್ದವು. ಪರಿಮಳ ಕೊಡುವ ಅಂಶಗಳು ಬಹಳಷ್ಟು ಇಳಿದಿದ್ದವು. ಆಮೇಲೆ ಒಂದು ದಿನ ಹೊರಗಿಟ್ಟರೂ ಹೋದದ್ದು ಪೂರ್ತಿ ಮರಳಲಿಲ್ಲ. ನಮ್ಮ ಮನೆಗಳ ಫ್ರಿಜ್ಜಿನ ತಂಪೂ ಸುಮಾರು ಅಷ್ಟೇ. ಇನ್ನು ಸಾರು ಘಮ್ಮೆನ್ನುವುದು ಹೇಗೆ?

“ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಶನಿವಾರ ಒಮ್ಮೆ ತಂದು ತುಂಬಿಸದೆ ಗತಿಯೇನು?” ಅಂತ ಕೇಳುತ್ತಾರೆ. ಲೋಕಲ್ ಟ್ರೇನಿನಲ್ಲೇ ಬೀನ್ಸ್ ಬಿಡಿಸುತ್ತ ಮನೆ ಸೇರುವ ಹೆಂಗಸರನ್ನು ಕಂಡವನು ನಾನು. ಅವರ ಕಷ್ಟವನ್ನು ಅಲ್ಲಗಳೆಯೋಲ್ಲ. ಆದರೆ ಸ್ಟೇಷನ್ನಿನ ಹೊರಗೆ ರಾತ್ರಿಯವರೆಗೂ ತರಕಾರಿ ಸಿಗುವ ಊರಿದು. ವಾರಕ್ಕೆ ಎರಡು ಸಲ, ಅರ್ಧ ಕಿಲೋ ಸಾಕು. ನಿವೃತ್ತರಾಗಿ ಪೇಪರ್ ಓದುತ್ತ ಕೂತ ನಮ್ಮಂಥ ಗಂಡಸರು ಚೀಲ ಹಿಡಿದು ಹೊರಡಲಿ!

ಇಡುವ ಕ್ರಮವೂ ಬ್ರಹ್ಮವಿದ್ಯೆಯಲ್ಲ. ಟೊಮೆಟೊವನ್ನು ತೊಳೆಯದೆ, ತೊಟ್ಟಿನ ಭಾಗ ಕೆಳಗಾಗಿ, ಬಿಸಿಲು ತಾಗದ ಕಡೆ ಒಂದೇ ಸಾಲಾಗಿ ಹರಡಿ. ಮೇ ತಿಂಗಳ ಸೆಕೆಯಲ್ಲಿ ತೀರ ಹಣ್ಣಾದದ್ದನ್ನು, ಹೆಚ್ಚಿದ್ದನ್ನು ಫ್ರಿಜ್ಜಿಗಿಟ್ಟು ಒಂದೆರಡು ದಿನದಲ್ಲಿ ಮುಗಿಸಿ. ಬಾಳೆಹಣ್ಣು ಪಕ್ಕದಲ್ಲಿ ಬೇಡ. ಅದರಿಂದ ಹೊರಡುವ ಎಥಿಲೀನ್ ಅನಿಲ ಟೊಮೆಟೊವನ್ನು ಬೇಗ ಹಣ್ಣು ಮಾಡುತ್ತದೆ. ಈರುಳ್ಳಿ, ಆಲೂಗಡ್ಡೆ ಹೊರಗೇ ಇರಲಿ, ಆದರೆ ಬೇರೆ ಬೇರೆ ಬುಟ್ಟಿಯಲ್ಲಿ. ತಂಪಿನಲ್ಲಿ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ಕರಿದರೆ ಕಪ್ಪಾಗುತ್ತದೆ. ಫ್ರಿಜ್ಜು ಬೇಕಾದದ್ದು ಸೊಪ್ಪು, ಬೀನ್ಸ್, ಕ್ಯಾರೆಟ್ಟಿಗೆ. ಕೊತ್ತಂಬರಿಯನ್ನು ಒಣಬಟ್ಟೆಯಲ್ಲಿ ಸುತ್ತಿಡಿ.

2023ರ ಜುಲೈನಲ್ಲಿ ಹಲವು ನಗರಗಳಲ್ಲಿ ಟೊಮೆಟೊ ಕಿಲೋಗೆ 200 ರೂಪಾಯಿ ಮುಟ್ಟಿದಾಗ ನಾವೆಲ್ಲ ಎಣಿಸಿ ತಂದೆವು, ಒಂದನ್ನೂ ಕೊಳೆಸಲಿಲ್ಲ. ಬೆಲೆ ಬಿದ್ದು ರೈತ ಹಣ್ಣನ್ನು ರಸ್ತೆಗೆ ಸುರಿಯುವಾಗ ಮಾತ್ರ ಎರಡೆರಡು ಕಿಲೋ ತಂದು ಕಸದ ಡಬ್ಬಕ್ಕೆ ಹಾಕುತ್ತೇವೆ. ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದರೆ, ಟೊಮೆಟೊ ಕರೆಂಟ್ ಅಕೌಂಟಿನ ಸರಕು. ಫಿಕ್ಸೆಡ್ ಡಿಪಾಸಿಟ್ಟಿಗೆ ಹಾಕಿದರೆ ಬಡ್ಡಿಯಂತೂ ಇಲ್ಲ, ಅಸಲೂ ಕೊಳೆಯುತ್ತದೆ.

ಊರು ಬಿಟ್ಟು ಬಂದವರು ಊರಿನ ರುಚಿಗೆ ಹಂಬಲಿಸುವುದು ಸಹಜ. ಆದರೆ ಅನ್ನ ಕೊಟ್ಟ ಊರನ್ನು ಹಳಿಯುವ ಮುಂಚೆ ಫ್ರಿಜ್ಜಿನ ಕೆಳಗಿನ ಡ್ರಾಯರ್ ಒಮ್ಮೆ ಎಳೆದು ನೋಡಿ.