ಬರೇ ಗಾಳಿ ಅಂತ ಅಸಡ್ಡೆ ಬ್ಯಾಡ!

ಬಾಡಗಂಡಿ: ಕಬ್ಬಿನ ಹಂಗಾಮು ಬಂತೆಂದರೆ ಇಲ್ಲಿಯ ಸಕ್ಕರೆ ಕಾರ್ಖಾನೆಯ ಹಾದಿ ಹಿಡಿದು ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಒಂದೊಂದಕ್ಕೆ ಎರಡೆರಡು ಟ್ರೈಲರು, ಮೇಲೆ ಆಳೆತ್ತರ ಕಬ್ಬು. ಗಾಲಿ ತಾಳೀತೆ? ರಸ್ತೆ ಬದಿಯ ಪಂಚರ್ ಅಂಗಡಿಗಳಿಗೆ ಹಗಲೂ ರಾತ್ರಿ ಪುರುಸೊತ್ತಿಲ್ಲ. ಇತ್ತ ಕಂಪ್ರೆಸರ್ ಸದ್ದು, ಅತ್ತ ಜಾಕಿನ ಮೇಲೆ ನಿಂತ ಟ್ರೈಲರು, ಅದರಡಿ ತೂರಿಕೊಂಡ ಹುಡುಗ. ಬಸ್ಸಿಗೆ ಕಾಯುವವರೂ ಅಲ್ಲೇ ನೆರಳಿಗೆ ನಿಲ್ಲುತ್ತಾರೆ. ಅಪಾಯ ಅಲ್ಲವೇ ಎಂದರೆ, "ಬರೇ ಗಾಳಿ, ಏನಾಗತೈತಿ ಬಿಡ್ರಿ" ಎಂಬ ಮಾತು.

ಏನಾಗತೈತಿ ಎಂಬುದಕ್ಕೆ 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದೇ ಸಾಕ್ಷಿ. ವಾಹನ ಸರ್ವಿಸ್ ಮಾಡುವ ಕಡೆ ಗೆಳೆಯರಿಬ್ಬರು ಗಾಳಿ ಪೈಪು ಹಿಡಿದು ಚೇಷ್ಟೆಗಿಳಿದರು. ಹಿಂಬದಿಯಿಂದ ಹೊಕ್ಕ ಗಾಳಿಗೆ ಕರುಳು ಹರಿದು ಒಬ್ಬ ಯುವಕ ಸತ್ತ, ಇನ್ನೊಬ್ಬ ಪೊಲೀಸರ ಪಾಲಾದ.

ಲೆಕ್ಕ ಸರಳ. ಬೈಕಿನ ಗಾಲಿಗೆ ಬೇಕಾದ್ದು 30 ಪೌಂಡಿನ ಆಸುಪಾಸು. ಕಂಪ್ರೆಸರ್ ಟಾಕಿಯೊಳಗೆ ಇರುವುದು 100 ಪೌಂಡಿಗೂ ಮೀರಿ. ಸಂಜೆ ಅಂಗಡಿ ಮುಚ್ಚುವಾಗ ಅದೇ ಪೈಪಿನಿಂದ ಅಂಗಿಯ ಧೂಳು ಹಾರಿಸಿಕೊಳ್ಳುವುದು ರೂಢಿ. ಕಣ್ಣು, ಕಿವಿ ಹೋಗುವುದು ಹೀಗೆ. ಟಾಕಿಯ ನೀರು ದಿನಾ ಬಿಡದಿದ್ದರೆ ತಳ ತುಕ್ಕು ಹಿಡಿದು ಒಂದು ದಿನ ಟಾಕಿಯೇ ಸಿಡಿಯುತ್ತದೆ. ಲಾರಿ ಗಾಲಿಗೆ ಗಾಳಿ ತುಂಬುವಾಗ ಲಾಕ್ ರಿಂಗು ಹಾರಿದರೆ ಎದುರಿಗಿದ್ದವನ ತಲೆ ಉಳಿಯದು. ಎದುರು ನಿಲ್ಲಬಾರದು, ಉದ್ದ ಪೈಪು ಹಿಡಿದು ಬದಿಗೆ ನಿಲ್ಲಬೇಕು.

ಎಣ್ಣೆ ಜಾಕಿನ ಕಥೆ ಬೇರೆ. ಅದು ಎತ್ತಲಿಕ್ಕೆ ಮಾತ್ರ, ಹಿಡಿದು ನಿಲ್ಲಿಸಲಿಕ್ಕಲ್ಲ. ಒಳಗಿನ ವಾಶರ್ ಸವೆದರೆ ಇಡೀ ಭಾರ ಕೆಳಗೆ. ಎತ್ತಿದ ಕೂಡಲೇ ಸ್ಟ್ಯಾಂಡೋ ಗಟ್ಟಿ ದಿಮ್ಮಿಯೋ ಕೊಡಬೇಕು, ಉಳಿದ ಗಾಲಿಗೆ ಕಲ್ಲು ಇಡಬೇಕು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಪೈಪು ಸೋರಿದರೆ ಬೆರಳಿಟ್ಟು ಹುಡುಕುವುದು ಇನ್ನೂ ಕೆಟ್ಟದ್ದು. ಅಲ್ಲಿಯ ಒತ್ತಡ 2,000 ಪೌಂಡಿಗೂ ಹೆಚ್ಚು. ಎಣ್ಣೆ ಚರ್ಮದೊಳಗೆ ಹೊಕ್ಕರೆ ಸೂಜಿ ಚುಚ್ಚಿದಷ್ಟೇ ಗಾಯ, ಮೊದಲಿಗೆ ನೋವೂ ಅಷ್ಟಿಲ್ಲ. ತಡ ಮಾಡಿದರೆ ಒಳಗೆ ಮಾಂಸ ಸತ್ತು ಬೆರಳು ಕತ್ತರಿಸುವ ಪಾಳಿ. ಸೋರಿಕೆಯನ್ನು ರಟ್ಟು ಹಿಡಿದು ನೋಡಬೇಕು. ಚುಚ್ಚಿತೋ, ಆ ಗಳಿಗೆಯೇ ದೊಡ್ಡ ದವಾಖಾನೆಗೆ ಹೋಗಬೇಕು.

ಕಾಯ್ದೆ ಇಲ್ಲವೇ? ಇತ್ತು. 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಮು ಒತ್ತಡದ ಯಂತ್ರಗಳ ಬಗೆಗೇ ಇತ್ತು. ಆದರೆ ಅದು ಯಂತ್ರಶಕ್ತಿ ಬಳಸಿ ಹತ್ತು ಜನ ದುಡಿಯುವ ಕಡೆಗೆ. 2020ರ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ಮಾಲಕ ಒಬ್ಬ, ಹುಡುಗ ಒಬ್ಬ ಇರುವ ಅಂಗಡಿಯ ಬಾಗಿಲಿಗೆ ಕಾರ್ಖಾನೆಯ ಇನ್‌ಸ್ಪೆಕ್ಟರ್ ಅಂದೂ ಬರಲಿಲ್ಲ, ಇಂದೂ ಬರುವುದಿಲ್ಲ.

ಹಾಗಾದರೆ ಕಾಯುವವರು ಯಾರು? ಮಾಲಕನೇ. ಒಂದು ಕನ್ನಡಕ, ಒಂದು ಜೋಡಿ ಸ್ಟ್ಯಾಂಡು, ಸರಿಯಾದ ಮೀಟರು. ಒಂದು ವಾರದ ಗಳಿಕೆಗಿಂತ ಹೆಚ್ಚೇನೂ ಆಗಲಿಕ್ಕಿಲ್ಲ. "ಲಗೂ ಮಾಡೋ ತಮ್ಮಾ" ಎಂದು ಅವಸರಿಸುವ ಗಿರಾಕಿಗೂ ಇದರಲ್ಲಿ ಪಾಲಿದೆ. ಕಬ್ಬು ಒಂದು ತಾಸು ತಡವಾಗಿ ಹೋದರೆ ಕಾರ್ಖಾನೆಯೇನೂ ಓಡಿಹೋಗುವುದಿಲ್ಲ. ಟ್ರೈಲರಿನ ಅಡಿಯ ಹುಡುಗನೂ ಯಾರದೋ ಮನೆಯ ಮಗ.