ಮೋಟಾರು ಬಿಡಾರದ ಬಾಗಿಲು ಜುಮ್ಮೆಂದರೆ

ಮಂಚ, ಒಲೆ, ಶೀತಕಪೆಟ್ಟಿಗೆಗಳನ್ನು ಒಳಗಿಟ್ಟುಕೊಂಡು ಊರಿಂದೂರಿಗೆ ಸಂಚರಿಸುವ ಮೋಟಾರು ಬಿಡಾರಗಳು ಈಗ ನಮ್ಮ ನಾಡಿನಲ್ಲಿಯೂ ಕಾಣಬರುತ್ತಿವೆ. ಕ್ಯಾಂಪರ್ ಎಂದು ಇವುಗಳ ರೂಢಿಯ ಹೆಸರು. ರಾತ್ರಿ ತಂಗುವೆಡೆಯಲ್ಲಿ ಕಂಬದ ಸಾಕೆಟ್ಟಿನಿಂದ ಉದ್ದನೆಯ ತಂತಿಯನ್ನೆಳೆದು ಗಾಡಿಗೆ 230 ವೋಲ್ಟಿನ ವಿದ್ಯುತ್ತನ್ನು ಕೊಡುವರು. ಆಗ ಬಾಗಿಲ ಹಿಡಿಯನ್ನು ಮುಟ್ಟಿದವರ ಕೈ ಜುಮ್ಮೆನ್ನುವುದುಂಟು. ಸ್ವಲ್ಪವೇ ಅಲ್ಲವೆ ಎಂದು ಇದನ್ನು ಉಪೇಕ್ಷಿಸುವ ಗೃಹಸ್ಥರಿಗಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಗಾಡಿಯು ರಬ್ಬರಿನ ಚಕ್ರಗಳ ಮೇಲೆ ನಿಂತಿರುವುದರಿಂದ ಅದರ ಲೋಹದ ಮೈಗೆ ಭೂಮಿಯ ಸಂಬಂಧವಿಲ್ಲ. ಒಳಗಿನ ತಂತಿಯ ಹೊದಿಕೆ ಸವೆದು ಮೈಗೆ ತಗುಲಿದರೆ ಮೈಯೆಲ್ಲವೂ ವಿದ್ಯುನ್ಮಯವಾಗುವುದು. ಒಳಗಿರುವವರಿಗೆ ಇದು ತಿಳಿಯದು. ನೆಲದ ಮೇಲೆ ನಿಂತು ಹಿಡಿಯನ್ನು ಮುಟ್ಟಿದವನ ದೇಹವೇ ವಿದ್ಯುತ್ತಿಗೆ ದಾರಿಯಾಗುವುದು. ಬರಿಗಾಲಿನ ಮಕ್ಕಳಿಗಂತೂ ಅಪಾಯವು ಇನ್ನೂ ಹೆಚ್ಚು. ಒಣನೆಲದಲ್ಲಿ ಜುಮ್ಮೆಂದಷ್ಟೇ ಇದ್ದುದು ಮಳೆಬಿದ್ದ ನೆಲದಲ್ಲಿ ಪ್ರಾಣವನ್ನೇ ಒಯ್ಯಬಹುದು.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕದ್ದೇನೆಂದರೆ, ದೋಷಗಳು ಬಹುಮಟ್ಟಿಗೆ ಎರಡು. ವಿದ್ಯುತ್ತು ಸೋರಿದ್ದು ಒಂದು. ಸೋರಿದ್ದನ್ನು ಹಿಂದಕ್ಕೊಯ್ಯಬೇಕಾದ ಅರ್ತಿಂಗ್ ತಂತಿಯು ಎಲ್ಲಿಯೋ ಕಡಿದಿರುವುದು ಇನ್ನೊಂದು. ಒಂದನ್ನು ಸರಿಪಡಿಸಿ ಇನ್ನೊಂದನ್ನು ಬಿಟ್ಟರೆ ಅಪಾಯವು ಹೊಂಚುಹಾಕಿಯೇ ಇರುವುದು. ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ದಪ್ಪವೂ ಉದ್ದವೂ ಆದುದು ಈ ತಂತಿಯದು. ಅದನ್ನು ಬಿಟ್ಟು ಎರಡೇ ಕಡ್ಡಿಗಳಿಂದ ಕೆಲಸ ಸಾಗಿಸುವವರು ತಮ್ಮ ರಕ್ಷೆಯನ್ನು ತಾವೇ ಕಿತ್ತೆಸೆದಂತೆ.

ಗಾಡಿಯ ಬಳಿ ಕಬ್ಬಿಣದ ಸಲಾಕೆಯೊಂದನ್ನು ನೆಟ್ಟರೆ ಸಾಕೆಂಬುದೂ ಭ್ರಮೆಯೇ. ಸಲಾಕೆಗೂ ಮಣ್ಣಿಗೂ ನಡುವೆ 25 ಓಮ್ ತಡೆಯಿದ್ದರೆ ಹರಿಯುವುದು ಸುಮಾರು 9 ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸು ಕರಗುವುದಿಲ್ಲ, ಗಾಡಿಯ ಮೈ ಹಾಗೆಯೇ ಉಳಿಯುವುದು. ಆದುದರಿಂದ 30 ಮಿಲಿಆಂಪಿಯರ್ ಸೋರುವಷ್ಟರಲ್ಲಿ ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿಯುವ ಸೋರಿಕೆ ಸ್ವಿಚ್ಚು ಇರಲೇಬೇಕು.

ಕೈ ಜುಮ್ಮೆಂದೊಡನೆ ಗಾಡಿಯನ್ನು ಮತ್ತೆ ಮುಟ್ಟದೆ ಕಂಬದ ಸ್ವಿಚ್ಚನ್ನು ಆರಿಸಿ ತಂತಿಯನ್ನು ಕೀಳತಕ್ಕದ್ದು. ಅಲ್ಲಿಯವರೆಗೆ ಒಳಗಿನವರು ಕೆಳಗಿಳಿಯಕೂಡದು. ಬಳಿಕ ಬಲ್ಲ ಕೆಲಸಗಾರನು ಮೊದಲು ಕಂಬದ ಸಾಕೆಟ್ಟು, ಅನಂತರ ಉದ್ದ ತಂತಿ, ಕೊನೆಗೆ ಗಾಡಿ ಎಂಬ ಕ್ರಮದಲ್ಲಿ ಅರ್ತಿಂಗ್ ಅಖಂಡವಾಗಿದೆಯೇ ಎಂದು ಮೀಟರಿನಿಂದ ನೋಡಬೇಕು. ಗಾಡಿಯೊಳಗೆ ನ್ಯೂಟ್ರಲ್ ತಂತಿಯು ಮೈಗೆ ಸೇರಿರಬಾರದು. ಇಷ್ಟಾದ ಮೇಲೆ ತರ್ಕಶಾಸ್ತ್ರದ ಅನ್ವಯ ವ್ಯತಿರೇಕಗಳೇ ದಾರಿ. ಉಪಕರಣಗಳನ್ನೆಲ್ಲ ಕಳಚಿ ಒಂದೊಂದನ್ನೇ ಜೋಡಿಸುತ್ತ ಬಂದರೆ, ಯಾವುದಿದ್ದಾಗ ಸೋರಿಕೆ ಸ್ವಿಚ್ಚು ಬೀಳುವುದೋ, ಯಾವುದಿಲ್ಲದಾಗ ಬೀಳದೋ, ಅದೇ ದೋಷಿ. ನೀರು ಕಾಯಿಸುವ ಸುರುಳಿಯ ಮೇಲೆ ಮೊದಲ ಸಂದೇಹವಿರಲಿ. ಅದು ಬಿಸಿಯಾದ ಮೇಲೆಯೇ ಸೋರುವುದೂ ಉಂಟು.

ಸೋರಿಕೆ ಸ್ವಿಚ್ಚಿನಲ್ಲಿ ಪರೀಕ್ಷೆಯ ಗುಂಡಿಯೊಂದಿರುವುದಷ್ಟೆ. ಪ್ರತಿ ಪ್ರಯಾಣದಲ್ಲಿಯೂ ಅದನ್ನೊತ್ತಿ ನೋಡುವುದು ಒಳ್ಳೆಯದು. ಆದರೆ ಆ ಗುಂಡಿಯು ಸ್ವಿಚ್ಚನ್ನು ಪರೀಕ್ಷಿಸುವುದೇ ಹೊರತು ಅರ್ತಿಂಗನ್ನಲ್ಲ. ಚಕ್ರದ ಮೇಲಿನ ಮನೆಗೆ ಆ ಒಂದು ಹಸುರು ತಂತಿಯೇ ಭೂಮಿಯೆಂಬುದನ್ನು ವಾಚಕರು ಮರೆಯದಿರಲಿ.